ತೋರಿಸದವನು ಜಿಪುಣನೇ?

ಕಳೆದ ಡಿಸೆಂಬರಿನಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಅಲ್ಲಿನ ಕನ್ನಡ ಮೇಷ್ಟ್ರು ನನಗೆ ಬಹಳ ವರ್ಷಗಳಿಂದ ಪರಿಚಯ. ‘ಒಂದು ಪೀರಿಯಡ್ ನೀವೇ ಮಾತಾಡಿ’ ಎಂದು ಒಂಬತ್ತನೇ ತರಗತಿಯ ಬಾಗಿಲಲ್ಲಿ ನನ್ನನ್ನು ಬಿಟ್ಟು, ತಾವು ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಕಿರುಪರೀಕ್ಷೆ ಮುಗಿದು ಎರಡು ದಿನವಾಗಿತ್ತು, ಹಾಗಾಗಿ ಪರೀಕ್ಷೆಯ ಮಾತನ್ನೇ ತೆಗೆದೆ. ‘ಕಾಪಿ ಹೊಡೆಯೋದು ಸರಿಯೋ ತಪ್ಪೋ?’ ಎಂದು ಕೇಳಿದೆ. ‘ತಪ್ಪು ಸಾರ್!’ ಎಂದು ಇಡೀ ತರಗತಿ ಮಗ್ಗಿ ಒಪ್ಪಿಸುವ ರಾಗದಲ್ಲಿ ಕೂಗಿತು.

ಸ್ವಲ್ಪ ಹೊತ್ತು ಬೇರೆ ಮಾತಾಡಿ ಇನ್ನೊಂದು ಪ್ರಶ್ನೆ ಕೇಳಿದೆ. ‘ಪಕ್ಕದ ಹುಡುಗ ಒಂದು ಉತ್ತರ ಕೇಳಿದ. ಇವನಿಗೆ ಗೊತ್ತಿತ್ತು. ಆದರೂ ತೋರಿಸಲಿಲ್ಲ. ಅಂಥವನನ್ನು ನೀವು ಏನಂತೀರಿ?’ ಈ ಸಲ ಕೂಗು ಒಂದೇ ದನಿಯಲ್ಲಿ ಬರಲಿಲ್ಲ. ‘ಜಿಪುಣ’ ಎಂದ ಒಬ್ಬ. ‘ಸ್ವಾರ್ಥಿ’ ಎಂದ ಇನ್ನೊಬ್ಬ. ‘ಜಂಬ ಸಾರ್ ಅವನಿಗೆ.’ ಕಿಟಕಿ ಪಕ್ಕದ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡೇ ‘ಆಮೇಲೆ ಅವಳ್ನ ಯಾರೂ ಮಾತಾಡ್ಸಲ್ಲ’ ಎಂದಳು. ನಲವತ್ತು ಮಕ್ಕಳಲ್ಲಿ ಒಂದು ಮಗುವೂ ‘ಪ್ರಾಮಾಣಿಕ’ ಎಂಬ ಪದ ಹೇಳಲಿಲ್ಲ. ಆ ಪದ ಅವರಿಗೆ ಗೊತ್ತಿತ್ತು. ಹಿಂದಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೂ ಇತ್ತು.

ಹತ್ತೇ ನಿಮಿಷದ ಅಂತರದಲ್ಲಿ, ಅದೇ ಬಾಯಿಗಳಿಂದ ಬಂದ ಈ ಎರಡು ಉತ್ತರಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಕಲು ಮಾಡುವ ಮಕ್ಕಳಿಗೆ ನೀತಿ ಗೊತ್ತಿಲ್ಲ, ಹೇಳಿಕೊಟ್ಟರೆ ಸರಿಹೋಗುತ್ತಾರೆ ಎಂದು ನಾವು ನಂಬಿಕೊಂಡಿದ್ದೇವೆ. ಅದಕ್ಕೇ ನೀತಿಪಾಠದ ಪೀರಿಯಡ್ಡು, ಗೋಡೆಬರಹ, ಪ್ರಾರ್ಥನೆಯ ಹೊತ್ತಿನ ಭಾಷಣ. ಅಂದು ನಾನು ಕಂಡದ್ದು ಬೇರೆ. ಆ ಮಕ್ಕಳಲ್ಲಿ ಎರಡು ನೀತಿಗಳಿದ್ದವು. ಒಂದು ನಾವು ಬಾಯಿಪಾಠ ಮಾಡಿಸಿದ್ದು. ಇನ್ನೊಂದು ಅವರೇ ಕೂಡಿ ಬಾಳುತ್ತಾ ಕಟ್ಟಿಕೊಂಡದ್ದು. ಪರೀಕ್ಷಾ ಕೊಠಡಿಯಲ್ಲಿ ಇವೆರಡೂ ಎದುರಾದಾಗ ಗೆಲ್ಲುವುದು ಎರಡನೆಯದು.

ಇದು ಈ ಕಾಲದ ಮಕ್ಕಳ ಕೇಡು ಎನ್ನುವವರು ಸುಮಾರು ನೂರು ವರ್ಷ ಹಿಂದಿನ ಅಮೆರಿಕವನ್ನು ಒಮ್ಮೆ ನೋಡಬೇಕು. 1920ರ ದಶಕದಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು ಸಂಶೋಧಕರು ಎಂಟರಿಂದ ಹದಿನಾರು ವರ್ಷದೊಳಗಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಮೋಸ ಮಾಡುವ ಅವಕಾಶ ಕೊಟ್ಟು ನೋಡಿದರು. ಅವರ ಒಂದು ವಿಧಾನ ಹೀಗಿತ್ತು. ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಉತ್ತರಪತ್ರಿಕೆಗಳನ್ನು ಸಂಗ್ರಹಿಸಲಾಗುತ್ತದೆ. ಮಕ್ಕಳಿಗೆ ತಿಳಿಯದಂತೆ ಪ್ರತಿಯೊಂದರ ಪ್ರತಿ ತೆಗೆದಿಟ್ಟುಕೊಂಡು, ಆಮೇಲೆ ಅದೇ ಪತ್ರಿಕೆಯನ್ನು ಸರಿ ಉತ್ತರಗಳ ಹಾಳೆಯ ಜೊತೆ ಮಕ್ಕಳ ಕೈಗೇ ಕೊಟ್ಟು, ‘ನಿಮ್ಮ ಅಂಕ ನೀವೇ ಹಾಕಿಕೊಳ್ಳಿ’ ಎನ್ನಲಾಗುತ್ತದೆ. ಯಾರು ಎಷ್ಟು ತಿದ್ದಿಕೊಂಡರು ಎಂಬುದು ಪ್ರತಿಯ ಜೊತೆ ತಾಳೆ ನೋಡಿದರೆ ತಿಳಿಯುತ್ತದೆ.

1928ರಲ್ಲಿ ಅವರ ಪುಸ್ತಕ ಬಂದಾಗ ನೀತಿಪಾಠದವರಿಗೆ ಅದು ಸಿಹಿಸುದ್ದಿಯಾಗಿರಲಿಲ್ಲ. ಮಕ್ಕಳನ್ನು ಪ್ರಾಮಾಣಿಕರು, ಮೋಸಗಾರರು ಎಂದು ಎರಡು ಗುಂಪು ಮಾಡಲು ಆಗಲೇ ಇಲ್ಲ. ಆಟದಲ್ಲಿ ಮೋಸ ಮಾಡಿದ ಮಗು ಪರೀಕ್ಷೆಯಲ್ಲಿ ಮಾಡಿರಲಿಲ್ಲ. ಪರೀಕ್ಷೆಯಲ್ಲಿ ತಿದ್ದಿಕೊಂಡ ಮಗು ಹಣದ ವಿಷಯದಲ್ಲಿ ನೇರವಾಗಿತ್ತು. ಯಾವುದು ಸರಿ, ಯಾವುದು ತಪ್ಪು ಎಂದು ಚೆನ್ನಾಗಿ ಹೇಳಬಲ್ಲ ಮಕ್ಕಳೇ ಚೆನ್ನಾಗಿ ನಡೆದುಕೊಂಡರು ಎನ್ನುವಂತೆಯೂ ಇರಲಿಲ್ಲ. ಎದ್ದು ಕಂಡದ್ದು ಒಂದೇ. ಒಂದೇ ತರಗತಿಯ ಗೆಳೆಯರ ನಡತೆ ಒಂದನ್ನೊಂದು ಹೋಲುತ್ತಿತ್ತು. ಅಂದರೆ ಪ್ರಾಮಾಣಿಕತೆ ಒಬ್ಬೊಬ್ಬರ ಜೇಬಿನಲ್ಲಿರುವ ನಾಣ್ಯದಂತೆ ಇರಲಿಲ್ಲ. ಅದು ತರಗತಿಯ ಹವೆಯಲ್ಲಿತ್ತು.

ಇನ್ನು ಮಕ್ಕಳು ಕಟ್ಟಿಕೊಳ್ಳುವ ಆ ಎರಡನೆಯ ನೀತಿ ಎಂಥದ್ದು? ಇದನ್ನು ತಿಳಿಯಲು ಲಾರೆನ್ಸ್ ಕೋಲ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞನ ಹತ್ತಿರ ಹೋಗಬೇಕು. ಅವನ ಬದುಕಿನ ಒಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಯುರೋಪಿನಲ್ಲಿ ನೆಲೆ ಕಳೆದುಕೊಂಡ ಯೆಹೂದಿ ನಿರಾಶ್ರಿತರನ್ನು ಬ್ರಿಟಿಷರ ದಿಗ್ಬಂಧನ ತಪ್ಪಿಸಿ ಪ್ಯಾಲೆಸ್ಟೀನಿಗೆ ಸಾಗಿಸುತ್ತಿದ್ದ ಹಡಗೊಂದರಲ್ಲಿ ಅವನು ಸ್ವಯಂಸೇವಕನಾಗಿ ದುಡಿದ. ಹಡಗಿನೊಳಗೆ ಜನರಿಗಾಗಿ ಮಾಡಿದ್ದ ಮಂಚಗಳನ್ನು ತನಿಖೆಯವರಿಗೆ ಬಾಳೆಹಣ್ಣು ಇಡುವ ಅಟ್ಟಣೆಗಳೆಂದು ಹೇಳಲಾಗುತ್ತಿತ್ತಂತೆ. ಕಾನೂನಿನ ಕಣ್ಣಿನಲ್ಲಿ ಅದು ಮೋಸ. ಅದನ್ನು ಮಾಡಿದವನೇ ಮುಂದೆ ‘ಒಂದು ಕೆಲಸವನ್ನು ಸರಿ ಅಥವಾ ತಪ್ಪು ಎನ್ನಲು ಮನುಷ್ಯರು ಯಾವ ಕಾರಣ ಕೊಡುತ್ತಾರೆ?’ ಎಂಬ ಪ್ರಶ್ನೆಯನ್ನು ಜೀವಮಾನದ ಕೆಲಸ ಮಾಡಿಕೊಂಡ. 1958ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗಾಗಿ ಅವನು 72 ಹುಡುಗರನ್ನು ಕೂರಿಸಿಕೊಂಡು ಕಥೆ ಹೇಳಿ ಪ್ರಶ್ನೆ ಕೇಳಿದ. ಹೆಂಡತಿ ಸಾಯುತ್ತಿದ್ದಾಳೆ, ಔಷಧದ ಅಂಗಡಿಯವನು ದುಬಾರಿ ಬೆಲೆ ಹೇಳುತ್ತಿದ್ದಾನೆ, ಗಂಡನ ಕೈಯಲ್ಲಿ ಅರ್ಧ ಹಣವಷ್ಟೇ ಇದೆ. ಅವನು ಔಷಧ ಕದಿಯಬಹುದೇ? ಹುಡುಗರು ಹೌದೆಂದರೋ ಇಲ್ಲವೆಂದರೋ ಎಂಬುದು ಕೋಲ್‌ಬರ್ಗನಿಗೆ ಮುಖ್ಯವಾಗಿರಲಿಲ್ಲ. ಯಾಕೆ ಎಂದು ಹೇಳಿದರಲ್ಲ, ಅದನ್ನು ಅವನು ಬರೆದುಕೊಂಡ.

ಆ ಕಾರಣಗಳಲ್ಲಿ ಅವನಿಗೆ ಆರು ಮೆಟ್ಟಿಲುಗಳು ಕಂಡವು. ಅವನ್ನು ನಮ್ಮ ಪರೀಕ್ಷಾ ಕೊಠಡಿಗೆ ತಂದು ನೋಡೋಣ. ‘ಸ್ಕ್ವಾಡ್ ಬಂದರೆ ಡಿಬಾರ್ ಮಾಡ್ತಾರೆ, ಅದಕ್ಕೇ ತೋರಿಸಲ್ಲ’ ಎನ್ನುವ ಮಗು ಮೊದಲ ಮೆಟ್ಟಿಲಿನಲ್ಲಿದೆ. ಅಲ್ಲಿ ಶಿಕ್ಷೆಯ ಭಯವೇ ನೀತಿ. ‘ಅವನು ಗಣಿತ ತೋರಿಸಲಿ, ನಾನು ಇಂಗ್ಲಿಷ್ ತೋರಿಸ್ತೀನಿ’ ಎನ್ನುವುದು ಎರಡನೆಯದು, ಕೊಡುಕೊಳ್ಳುವ ಲೆಕ್ಕ. ‘ಗೆಳೆಯ ಏನಂದುಕೊಳ್ತಾನೆ, ಅಮ್ಮ ಎಷ್ಟು ನೊಂದ್ಕೊಳ್ತಾಳೆ’ ಎಂದು ಯೋಚಿಸುವುದು ಮೂರನೆಯದು. ತನ್ನವರ ಕಣ್ಣಿನಲ್ಲಿ ಒಳ್ಳೆಯವನಾಗಿರುವುದು ಇಲ್ಲಿನ ನೀತಿ. ನಾಲ್ಕನೆಯದರಲ್ಲಿ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಇಲ್ಲದಿದ್ದರೆ ವ್ಯವಸ್ಥೆ ನಿಲ್ಲುವುದಿಲ್ಲ ಎಂಬ ತಿಳಿವು ಇರುತ್ತದೆ. ಅದರಾಚೆ, ನಿಯಮವೇ ನ್ಯಾಯವಾಗಿದೆಯೇ ಎಂದು ಕೇಳುವ ಎತ್ತರ. ಅಲ್ಲಿಗೆ ಹತ್ತುವವರು ದೊಡ್ಡವರಲ್ಲೂ ಕಡಿಮೆ.

ಮೆಟ್ಟಿಲು ಎತ್ತರವಾದಂತೆ ಮೋಸ ಕಡಿಮೆಯಾಗುತ್ತದೆಯೇ? ಮುಂದೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಸಂಬಂಧ ಇದೆ, ಆದರೆ ಗಟ್ಟಿಯಾದದ್ದಲ್ಲ. ಎತ್ತರದ ಕಾರಣ ಕೊಡಬಲ್ಲವರೂ ಅವಕಾಶ ಸಿಕ್ಕಾಗ ಜಾರುತ್ತಾರೆ. ಪ್ರೌಢಶಾಲೆಯ ಮಕ್ಕಳ ಮಟ್ಟಿಗೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮೂರನೇ ಮೆಟ್ಟಿಲು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಬಹಳಷ್ಟು ಮಕ್ಕಳು ನಿಂತಿರುವುದು ಅದರ ಆಸುಪಾಸಿನಲ್ಲಿ. ಒಂಬತ್ತನೇ ತರಗತಿ ‘ಜಿಪುಣ’ ಎಂದದ್ದು ಆ ಮೆಟ್ಟಿಲಿನಿಂದ. ಕೋಲ್‌ಬರ್ಗನ ಜೊತೆ ಹಾರ್ವರ್ಡ್‌ನಲ್ಲಿ ಕೆಲಸ ಮಾಡಿದ ಕ್ಯಾರಲ್ ಗಿಲಿಗನ್ 1982ರಲ್ಲಿ ಅವನ ಮೆಟ್ಟಿಲುಗಳನ್ನೇ ಪ್ರಶ್ನಿಸಿದಳು. ನಿಯಮ, ಹಕ್ಕುಗಳ ಭಾಷೆ ಮೇಲಿನದು, ಅಕ್ಕರೆ, ಆರೈಕೆಗಳ ಭಾಷೆ ಕೆಳಗಿನದು ಎಂದು ಯಾರು ಹೇಳಿದರು ಎಂಬುದು ಅವಳ ವಾದ. ಆ ವಾದವನ್ನು ನಾನು ಒಪ್ಪುತ್ತೇನೆ. ಗೆಳೆಯನಿಗಾಗಿ ಮಿಡಿಯುವುದು ಒಂದು ಕೆಳದರ್ಜೆಯ ನೀತಿ ಎಂದು ನನಗೆ ಅನ್ನಿಸುವುದಿಲ್ಲ.

ಯೋಚಿಸಿ ನೋಡಿ. ಒಂದನೇ ತರಗತಿಯಿಂದ ‘ಹಂಚಿಕೊಂಡು ತಿನ್ನಿ’ ಎಂದು ಹೇಳಿಕೊಡುವವರು ನಾವೇ. ಬಿಸಿಯೂಟದ ಸಾಲಿನಲ್ಲಿ ತಟ್ಟೆ ಇಲ್ಲದವನಿಗೆ ತನ್ನ ತಟ್ಟೆ ಕೊಟ್ಟ ಹುಡುಗನನ್ನು ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತೇವೆ. ರಬ್ಬರು, ಕೈವಾರ, ನೀರಿನ ಬಾಟಲಿ, ಸೈಕಲ್ಲಿನ ಕ್ಯಾರಿಯರ್, ಎಲ್ಲವೂ ಹಂಚಿಕೆಯದ್ದೇ. ಹತ್ತು ವರ್ಷ ಹೀಗೆ ಬೆಳೆಸಿ, ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ, ‘ಇನ್ನು ಮೂರು ಗಂಟೆ ನಿನ್ನದು ನಿನಗೆ, ಅವನದು ಅವನಿಗೆ’ ಎನ್ನುತ್ತೇವೆ. ಯಾಕೆ ಎಂದು ಯಾರೂ ವಿವರಿಸುವುದಿಲ್ಲ. ಹೇಳಿದರೂ ಹೇಳುವುದು ಡಿಬಾರ್ ಮಾತು, ಅಂದರೆ ಮೊದಲ ಮೆಟ್ಟಿಲಿನ ಕಾರಣ. ಮೂರನೇ ಮೆಟ್ಟಿಲಿನಲ್ಲಿ ನಿಂತ ಹುಡುಗನಿಗೆ ಅದು ಕೀಳು ಕಾರಣವಾಗಿಯೇ ಕೇಳಿಸುತ್ತದೆ. ಭಯಕ್ಕೆ ಗೆಳೆಯನನ್ನು ಬಿಟ್ಟುಕೊಟ್ಟವನು ಹೇಡಿ ಎಂದು ಅವನು ಓದಿದ ಎಲ್ಲ ಕಥೆಗಳೂ ಹೇಳಿವೆ.

ನನ್ನದೂ ಒಂದು ನೆನಪಿದೆ. ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ನನ್ನ ಹಿಂದಿನ ನಂಬರಿನವನು ಜೊತೆಯಲ್ಲೇ ಬೆಳೆದ ಹುಡುಗ. ಆ ಫೆಬ್ರವರಿಯಲ್ಲಿ ಅವನ ಅಪ್ಪ ತೀರಿಕೊಂಡಿದ್ದರು. ಗಣಿತದ ಪರೀಕ್ಷೆಯಲ್ಲಿ ಅವನು ಏನನ್ನೂ ಕೇಳಲಿಲ್ಲ, ಸುಮ್ಮನೆ ಬರೆಯದೆ ಕೂತಿದ್ದ. ನಾನೇ ಉತ್ತರಪತ್ರಿಕೆಯನ್ನು ಡೆಸ್ಕಿನ ಅಂಚಿಗೆ ಸರಿಸಿ, ಮೊಣಕೈ ತೆಗೆದೆ. ಅವನು ಪಾಸಾದ. ಅದು ತಪ್ಪು ಎಂದು ಇವತ್ತಿಗೂ ನನ್ನ ಮನಸ್ಸು ಪೂರ್ತಿಯಾಗಿ ಹೇಳುವುದಿಲ್ಲ. ಆದರೆ ಬೇರೊಂದು ವಿಷಯ ವರ್ಷಗಳು ಕಳೆದಂತೆ ಹೆಚ್ಚು ಕಾಡುತ್ತದೆ. ಜೂನಿನಿಂದ ಜನವರಿಯವರೆಗೆ ಅವನ ಪಕ್ಕದಲ್ಲೇ ಕೂತಿದ್ದೆ. ಅವನಿಗೆ ಲೆಕ್ಕ ಬರುವುದಿಲ್ಲ ಎಂದು ಗೊತ್ತಿತ್ತು. ಒಂದು ದಿನವೂ ಕೂರಿಸಿಕೊಂಡು ಒಂದು ಲೆಕ್ಕ ಹೇಳಿಕೊಡಲಿಲ್ಲ. ನನ್ನ ಗೆಳೆತನ ಎಚ್ಚರಗೊಂಡದ್ದು ಪರೀಕ್ಷಾ ಕೊಠಡಿಯಲ್ಲಿ, ಕೊನೆಯ ಅರ್ಧ ಗಂಟೆಯಲ್ಲಿ.

ಮಕ್ಕಳು ಕೊಡುವ ಕಾರಣಗಳಿಗೆ ಮರಳೋಣ. 1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು, ದಾರಿ ತಪ್ಪಿದ ಹುಡುಗರು ನೀತಿಯನ್ನು ತಿರಸ್ಕರಿಸಿದವರಲ್ಲ ಎಂದು ಬರೆದರು. ನೀತಿಯನ್ನು ಒಪ್ಪಿಕೊಂಡೇ, ಈ ಒಂದು ಸಲಕ್ಕೆ ಅದು ತಮಗೆ ಅನ್ವಯಿಸದು ಎಂದು ಅವರು ತಮ್ಮ ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾರೆ. ಮುಂದೆ ಪರೀಕ್ಷೆಯ ನಕಲನ್ನು ಅಧ್ಯಯನ ಮಾಡಿದವರಿಗೆ ಇದು ಕನ್ನಡಿಯಂತೆ ಒದಗಿತು. ನಮ್ಮ ಮಕ್ಕಳ ಬಾಯಲ್ಲೂ ಇವೇ ಮಾತುಗಳು: ‘ಇದ್ರಿಂದ ಯಾರಿಗೆ ಏನು ನಷ್ಟ?’, ‘ಎಲ್ಲಾರೂ ಮಾಡ್ತಾರೆ’, ‘ಫ್ರೆಂಡಿಗೋಸ್ಕರ ಮಾಡ್ದೆ’. ಇವುಗಳಲ್ಲಿ ಕೆಲವು ನೆಪಗಳೇ, ಒಪ್ಪೋಣ. ಎರಡು ಮಾತುಗಳನ್ನು ಮಾತ್ರ ನೆಪವೆಂದು ತಳ್ಳಿಹಾಕಲು ನನಗೆ ಧೈರ್ಯವಿಲ್ಲ.

ಒಂದು: ‘ನಮ್ಗೆ ಗಣಿತದ ಮೇಷ್ಟ್ರೇ ಇರ್ಲಿಲ್ಲ. ನಾವು ಹೆಂಗ್ ಬರೀಬೇಕಿತ್ತು?’ ಇದನ್ನು ಹೇಳುವ ಮಗು ಸುಳ್ಳು ಹೇಳುತ್ತಿಲ್ಲ. ಖಾಲಿ ಹುದ್ದೆ, ತಡವಾಗಿ ಬರುವ ಅತಿಥಿ ಶಿಕ್ಷಕ, ಏಳನೇ ತರಗತಿಯ ಭಾಗಾಕಾರವೇ ಬಾರದೆ ಹತ್ತಕ್ಕೆ ಬಂದು ನಿಂತ ಅರ್ಧ ತರಗತಿ. ಇಂಥ ಕಡೆ ನಡೆಯುವ ಪರೀಕ್ಷೆ, ಈಜು ಕಲಿಸದೆ ಹೊಳೆಗಿಳಿಸಿ ಅಂಕ ಹಾಕಿದಂತೆ. ಅಲ್ಲಿ ಮುಳುಗುತ್ತಿರುವವನು ಪಕ್ಕದವನ ಹೆಗಲು ಹಿಡಿದರೆ, ಮೋಸ ಯಾವ ದಂಡೆಯಲ್ಲಿ ಮೊದಲಾಯಿತು ಎಂದು ಕೇಳಲೇಬೇಕಾಗುತ್ತದೆ. ಇದು ಕೋಲ್‌ಬರ್ಗನ ಮೇಲಿನ ಮೆಟ್ಟಿಲಿನ ಪ್ರಶ್ನೆ. ಹದಿನೈದರ ಹುಡುಗ ಅದನ್ನು ತನ್ನ ಭಾಷೆಯಲ್ಲಿ ಕೇಳುತ್ತಿದ್ದಾನೆ.

ಎರಡು: ‘ದೊಡ್ಡೋರು ಮಾಡ್ತಾರಲ್ಲ!’ 2016ರ ಮಾರ್ಚಿಯಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. 31ರಂದು ಮರುಪರೀಕ್ಷೆ ಎಂದರು. ಆ ಪತ್ರಿಕೆಯೂ ಸೋರಿತು. ಓದಿಕೊಂಡು ಬಂದಿದ್ದ ಮಕ್ಕಳು ಬೀದಿಗಿಳಿದು ಅತ್ತರು, ಏಪ್ರಿಲ್‌ನಲ್ಲಿ ಮೂರನೇ ಸಲ ಬರೆದರು. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, ಮರುವರ್ಷ ಆ ಪರೀಕ್ಷೆಯೇ ರದ್ದಾಯಿತು. ನೇಮಕಾತಿಯ ಹೊಣೆ ಹೊತ್ತಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಈ ಸುದ್ದಿಗಳನ್ನು ನಮ್ಮ ಮಕ್ಕಳು ಮನೆಯ ಟಿ.ವಿ. ಮುಂದೆ ಊಟ ಮಾಡುತ್ತಾ ನೋಡಿದ್ದಾರೆ. ಇಷ್ಟು ದೂರವೂ ಹೋಗಬೇಕಾಗಿಲ್ಲ. ವಿಜ್ಞಾನದ ಮಾದರಿಯನ್ನು ಅಂಗಡಿಯಿಂದ ತಂದು ಮಗಳ ಹೆಸರು ಬರೆದು ಕಳಿಸುವ ಅಪ್ಪ, ಮಗನ ಯೋಜನಾ ಕಾರ್ಯವನ್ನು ರಾತ್ರಿ ಹನ್ನೊಂದರವರೆಗೆ ಕೂತು ತಾನೇ ಬರೆಯುವ ಅಮ್ಮ, ಈಗ ಮೊಬೈಲಿಗೆ ಪ್ರಶ್ನೆ ಹಾಕಿ ಬಂದ ಉತ್ತರವನ್ನು ‘ಹಿಂಗೇ ಬರ್ಕೋ’ ಎನ್ನುವ ಅಣ್ಣ, ಇವರೆಲ್ಲ ಕೊಡುವುದೂ ಪಾಠವೇ. ಆ ಪಾಠದಲ್ಲಿ ಕೆಲಸ ಕಲಿಯುವುದಕ್ಕಲ್ಲ, ಒಪ್ಪಿಸುವುದಕ್ಕೆ ಎಂದು ಇರುತ್ತದೆ.

ಈಗ ಕ್ಯಾಮೆರಾದ ವಿಷಯ. 2024ರಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲ ಬಾರಿ ವೆಬ್‌ಕಾಸ್ಟಿಂಗ್ ಬಂತು. ಪರೀಕ್ಷಾ ಕೊಠಡಿಗಳಲ್ಲಿ ಸಿಸಿಟಿವಿ, ಆ ದೃಶ್ಯವನ್ನು ನೋಡುತ್ತಾ ಕೂರುವ ಅಧಿಕಾರಿಗಳು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಹಾಗೆ ಏರಿಸದಿದ್ದರೆ ಇನ್ನೂ ಸುಮಾರು ಇಪ್ಪತ್ತು ಅಂಶ ಕೆಳಗೆ ಹೋಗುತ್ತಿತ್ತು. ಯಾದಗಿರಿ ಜಿಲ್ಲೆ ಶೇ 75.49ರಿಂದ 50.59ಕ್ಕೆ ಕುಸಿಯಿತು. ಉಡುಪಿ ಶೇ 94ರೊಡನೆ ಮೊದಲ ಸ್ಥಾನದಲ್ಲಿತ್ತು. ಕೃಪಾಂಕದ ಬಗ್ಗೆ ಟೀಕೆ ಬಂದು, ಮರುವರ್ಷ ಅದನ್ನು ಕೈಬಿಟ್ಟಾಗ ರಾಜ್ಯದ ರೆಗ್ಯುಲರ್ ವಿದ್ಯಾರ್ಥಿಗಳ ಫಲಿತಾಂಶ ಶೇ 66.14ಕ್ಕೆ ನಿಂತಿತು.

ಈ ಇಳಿತವೆಲ್ಲ ನಕಲಿನ ಅಳತೆ ಎನ್ನಲಾಗದು. ಕ್ಯಾಮೆರಾದ ಕೆಳಗೆ ಕೂತ ಹುಡುಗನ ಕೈ ನಡುಗಿ ಗೊತ್ತಿದ್ದ ಉತ್ತರವೂ ಮರೆತಿರಬಹುದು. ಆದರೂ ಕ್ಯಾಮೆರಾ ಒಂದು ದೊಡ್ಡ ಸತ್ಯವನ್ನು ಹೊರಹಾಕಿತು, ಅದಕ್ಕಾಗಿ ಅದು ಬಂದದ್ದು ಒಳ್ಳೆಯದೇ ಆಯಿತು. ಅದು ಹೇಳಿದ ಸತ್ಯ ಮಕ್ಕಳು ಕಳ್ಳರು ಎಂಬುದಲ್ಲ. ಯಾದಗಿರಿಯ ಮಗುವಿನ ನೀತಿ ಉಡುಪಿಯ ಮಗುವಿನದಕ್ಕಿಂತ ಕೀಳು ಎಂದು ಯಾರಾದರೂ ಎಂದರೆ ಅವರ ಎದುರು ನಿಂತು ಜಗಳವಾಡಲು ನಾನು ತಯಾರಿದ್ದೇನೆ. ವರ್ಷಗಟ್ಟಲೆ ಫಲಿತಾಂಶದ ಅಂಕಿಗಳ ಹಿಂದೆ ಮುಚ್ಚಿಕೊಂಡಿದ್ದ, ಕಲಿಯದೆ ಉಳಿದ ಲಕ್ಷಾಂತರ ಮಕ್ಕಳು ಅಂದು ಬೆಳಕಿಗೆ ಬಂದರು. ನಕಲು ಅವರಿಗೆ ಮಾಡಿದ ದೊಡ್ಡ ಅನ್ಯಾಯ ಅದೇ. ಅವರ ಕೊರತೆ ಯಾರಿಗೂ ಕಾಣದಂತೆ ಅದು ನೋಡಿಕೊಂಡಿತು. ‘ಯಾರಿಗೆ ಏನು ನಷ್ಟ?’ ಎಂದು ಕೇಳುವ ಮಗುವಿಗೆ ನಾವು ಹೇಳಬೇಕಾದ ಉತ್ತರ ಇದು. ನಷ್ಟ ನಿನಗೇ ಕಂದಾ, ನಿನಗೆ ಬರುವುದಿಲ್ಲ ಎಂಬುದು ನಮಗೆ ತಿಳಿಯದೆ ಹೋಯಿತು.

ಈ ಮುಚ್ಚಾಟದಲ್ಲಿ ದೊಡ್ಡವರ ಪಾಲೇನು ಎಂಬುದಕ್ಕೆ ನಮಗೆಲ್ಲ ಗೊತ್ತಿರುವ ಒಂದು ಹಳೆಯ ಕಥೆ ಸಾಕು. ರಾಜಕೋಟೆಯ ಹೈಸ್ಕೂಲಿನಲ್ಲಿ ಗಾಂಧೀಜಿ ಮೊದಲ ವರ್ಷದಲ್ಲಿದ್ದಾಗ ಜೈಲ್ಸ್ ಎಂಬ ಶಿಕ್ಷಣಾಧಿಕಾರಿ ತಪಾಸಣೆಗೆ ಬಂದ. ಐದು ಇಂಗ್ಲಿಷ್ ಪದಗಳನ್ನು ಬರೆಸಿದ. ಅದರಲ್ಲಿ ‘ಕೆಟಲ್’ ಎಂಬುದರ ಕಾಗುಣಿತವನ್ನು ಹುಡುಗ ಗಾಂಧಿ ತಪ್ಪು ಬರೆದ. ಮೇಷ್ಟ್ರು ಬೂಟಿನ ತುದಿಯಿಂದ ತಿವಿದು, ಪಕ್ಕದವನ ಸ್ಲೇಟು ನೋಡಿಕೋ ಎಂದು ಸನ್ನೆ ಮಾಡಿದರು. ಹುಡುಗನಿಗೆ ಅದು ಹೊಳೆಯಲೇ ಇಲ್ಲ. ಮೇಷ್ಟ್ರು ಇರುವುದು ನಕಲು ತಡೆಯಲು ಎಂದೇ ಅವನು ತಿಳಿದಿದ್ದ. ಈ ಕಥೆಯನ್ನು ನಾವು ನೂರು ಸಲ ಹೇಳಿದ್ದೇವೆ, ಪ್ರತಿ ಸಲವೂ ಹುಡುಗನನ್ನು ಹೊಗಳಲು. ನನ್ನ ಕಣ್ಣು ಈಚೆಗೆ ಆ ಬೂಟಿನ ಮೇಲೆ ನಿಲ್ಲುತ್ತದೆ. ಆ ಮೇಷ್ಟ್ರು ಕೆಟ್ಟವರೇನಲ್ಲ. ಗಾಂಧೀಜಿಗೂ ಅವರ ಮೇಲಿನ ಗೌರವ ಕಡಿಮೆಯಾಗಲಿಲ್ಲ ಎಂದು ಅವರ ಆತ್ಮಕಥೆಯಲ್ಲೇ ಇದೆ. ಮೇಲಿನಿಂದ ಸಾಹೇಬ ಬಂದಿದ್ದಾನೆ, ತರಗತಿಯ ಮಾನ ಉಳಿಯಬೇಕು, ಇಷ್ಟೇ ಅವರ ಚಿಂತೆ.

ಇಂದು ಸಾಹೇಬನ ಜಾಗದಲ್ಲಿ ಜಿಲ್ಲಾವಾರು ಪಟ್ಟಿ ಇದೆ. ಫಲಿತಾಂಶ ಬಂದ ಮಧ್ಯಾಹ್ನವೇ ನಮ್ಮ ಪತ್ರಿಕೆಗಳು ಯಾವ ಜಿಲ್ಲೆ ಎಷ್ಟನೆಯದು ಎಂದು ಅಚ್ಚು ಹಾಕಲು ತಯಾರಾಗುತ್ತವೆ. ನಾನು ಬರೆಯುವ ಪತ್ರಿಕೆಯೂ ಹಾಕುತ್ತದೆ. ಕೆಳಗಿರುವ ಜಿಲ್ಲೆಯ ಡಿಡಿಪಿಐಗೆ ನೋಟಿಸು, ಅಲ್ಲಿಂದ ಬಿಇಒಗೆ, ಅಲ್ಲಿಂದ ಮುಖ್ಯ ಶಿಕ್ಷಕರಿಗೆ, ಅಲ್ಲಿಂದ ವಿಷಯ ಶಿಕ್ಷಕರಿಗೆ. ‘ಹುದ್ದೆ ಖಾಲಿ ಇತ್ತು’ ಎಂಬ ಉತ್ತರಕ್ಕೆ ಆ ನೋಟಿಸಿನಲ್ಲಿ ಜಾಗವಿರುವುದಿಲ್ಲ. ಒಂದು ಅಂಕದ ಪ್ರಶ್ನೆಗಳ ಉತ್ತರವನ್ನು ಕೊಠಡಿಯಲ್ಲಿ ಮೆಲ್ಲಗೆ ಹೇಳಿಬಿಡುವ ಮೇಲ್ವಿಚಾರಕ ಆ ಬೂಟಿನ ಮೊಮ್ಮಗ. ಅಂಥದ್ದನ್ನು ಒಮ್ಮೆ ಕಂಡ ಮಗುವಿಗೆ ಆಮೇಲೆ ಯಾವ ಗೋಡೆಬರಹವೂ ಓದಲು ಬರುವುದಿಲ್ಲ.

ಬೂಟಿನ ಇನ್ನೊಂದು ತುದಿಯನ್ನು 2019ರ ಅಕ್ಟೋಬರಿನಲ್ಲಿ ಹಾವೇರಿಯಲ್ಲಿ ಕಂಡೆವು. ಒಂದು ಪದವಿಪೂರ್ವ ಕಾಲೇಜಿನಲ್ಲಿ ಅತ್ತಿತ್ತ ನೋಡದಿರಲೆಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ, ಮುಂದೆ ಕಿಂಡಿ ಕೊರೆದು ಪರೀಕ್ಷೆ ಬರೆಸಿದರು. ಚಿತ್ರ ಎಲ್ಲೆಡೆ ಹರಡಿತು. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅದನ್ನು ಖಂಡಿಸಿದರು, ಕಾಲೇಜಿನವರು ವಿಷಾದ ಹೇಳಿದರು. ಆ ಚಿತ್ರದಲ್ಲಿ ನನಗೆ ನೋವಾದದ್ದು ಮಕ್ಕಳು ಸಾಲಾಗಿ, ತಕರಾರಿಲ್ಲದೆ ಕೂತಿದ್ದ ರೀತಿ. ನಿನ್ನನ್ನು ನಂಬುವುದಿಲ್ಲ ಎಂದು ತಲೆಯ ಮೇಲೇ ಕವುಚಿ ಹೇಳಿದರೂ ಅವರಿಗೆ ಅದು ಹೊಸದಾಗಿ ಕಂಡಂತಿರಲಿಲ್ಲ.

ಇದರ ಪಕ್ಕದಲ್ಲಿ, ಮರುವರ್ಷ 2020ರಲ್ಲಿ ಚೀನಾದಿಂದ ಬಂದ ಒಂದು ಅಧ್ಯಯನವನ್ನು ಇಟ್ಟು ನೋಡಬೇಕು. ಲೀ ಝಾವ್ ಮತ್ತು ಜೊತೆಯವರು ಐದಾರು ವರ್ಷದ ಮಕ್ಕಳಿಗೆ ಒಂದು ಸಣ್ಣ ಪರೀಕ್ಷೆ ಕೊಟ್ಟು, ಸರಿ ಉತ್ತರದ ಹಾಳೆಯನ್ನು ಹತ್ತಿರದ ಇನ್ನೊಂದು ಮೇಜಿನ ಮೇಲೆ ಇಟ್ಟು, ಮಗುವನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋದರು. ಎರಡು ಮೇಜುಗಳ ನಡುವೆ ಒಂದು ತಡೆ ಇಟ್ಟಾಗ ಇಣುಕುವ ಮಕ್ಕಳು ಕಡಿಮೆಯಾದರು. ಆ ತಡೆ ಎಂಥದ್ದು? ಆಚೆಯದೆಲ್ಲ ಕಾಣುವ ಬರಿಯ ಚೌಕಟ್ಟು. ಆಟದ ಮಂತ್ರದಂಡದಿಂದ ಗಾಳಿಯಲ್ಲಿ ಗೆರೆ ಎಳೆದು ‘ಇಲ್ಲೊಂದು ಗೋಡೆ ಇದೆ’ ಎಂದಾಗಲೂ ಅದು ಕೆಲಸ ಮಾಡಿತು. ಮಗುವನ್ನು ನಂಬಿ ಎಳೆದ ಗೆರೆಯನ್ನು ಮಗು ದಾಟಲು ಹಿಂಜರಿಯಿತು. ಐದರ ಮಗುವಿನ ಮಾತನ್ನು ಹದಿನೈದರವರಿಗೆ ಹಾಗೇ ಅನ್ವಯಿಸಲಾಗದು ನಿಜ. ಆದರೆ ನಾವು ಎಷ್ಟು ಬೇಗ ಗೆರೆಯ ಮೇಲಿನ ನಂಬಿಕೆ ಬಿಟ್ಟು ಪೆಟ್ಟಿಗೆಗೆ ಬಂದುಬಿಟ್ಟೆವು ಎಂದು ಯೋಚನೆಯಾಗುತ್ತದೆ.

ಅದೇ ತಂಡದವರು 2017ರಲ್ಲಿ ಇನ್ನೊಂದು ವಿಷಯ ಹೇಳಿದ್ದರು. ಅದು ನಮ್ಮ ಮನೆಗಳಿಗೇ ಹೇಳಿದಂತಿದೆ. ಚಿಕ್ಕ ಮಕ್ಕಳಿಗೆ ಆಟದ ನಡುವೆ ‘ನೀನು ಬಹಳ ಜಾಣ’ ಎಂದಾಗ ಅವರು, ‘ಈ ಸಲ ಚೆನ್ನಾಗಿ ಮಾಡಿದೆ’ ಎಂದು ಹೇಳಿಸಿಕೊಂಡ ಮಕ್ಕಳಿಗಿಂತ ಹೆಚ್ಚು ಮೋಸ ಮಾಡಿದರು. ಜಾಣ ಎನ್ನಿಸಿಕೊಂಡ ಮೇಲೆ ಆ ಹೆಸರು ಉಳಿಸಿಕೊಳ್ಳಬೇಕಲ್ಲ! ತರಗತಿಯಲ್ಲಿ ನಕಲು ಮಾಡುವವರು ಹಿಂದಿನ ಬೆಂಚಿನವರೇ ಎಂದು ನಾವು ತಿಳಿದಿರುತ್ತೇವೆ. 625ಕ್ಕೆ 620ರ ಆಸುಪಾಸಿನಲ್ಲಿ ಓಡುತ್ತಿರುವ ಮಗು ಒಂದು ಅಂಕಕ್ಕಾಗಿ ಪಕ್ಕಕ್ಕೆ ಕಣ್ಣು ಹಾಯಿಸುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಅವಳ ಭಾವಚಿತ್ರದ ಫ್ಲೆಕ್ಸ್ ಹಾಕಲು ಕಾದಿರುವವರು ನಾವೇ.

ಕೋಲ್‌ಬರ್ಗ್ ಕೊನೆಕೊನೆಗೆ ಬರಿಯ ಕಥೆ, ಪ್ರಶ್ನೆಗಳನ್ನು ಬಿಟ್ಟು ಶಾಲೆಗೇ ಇಳಿದ. 1974ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಕ್ಲಸ್ಟರ್ ಸ್ಕೂಲ್ ಎಂಬ ಸಣ್ಣ ಪ್ರೌಢಶಾಲೆ ಶುರುವಾಯಿತು. ಸುಮಾರು ಅರವತ್ತು ಮಕ್ಕಳು. ನಿಯಮಗಳನ್ನು ಮಕ್ಕಳೂ ಶಿಕ್ಷಕರೂ ಒಟ್ಟಿಗೆ ಕೂತು ಮಾಡುತ್ತಿದ್ದರು, ಎಲ್ಲರಿಗೂ ಒಂದೊಂದೇ ಮತ. ಒಮ್ಮೆ ಒಬ್ಬ ಹುಡುಗಿಯ ಪರ್ಸಿನಿಂದ ಒಂಬತ್ತು ಡಾಲರ್ ಕಳುವಾಯಿತು. ಕದ್ದವರು ಯಾರೆಂದು ಯಾರೂ ಹೇಳಲಿಲ್ಲ. ಸಭೆಯಲ್ಲಿ ಮಕ್ಕಳೇ ಒಂದು ಮಾತು ಮುಂದಿಟ್ಟರು. ಕಳವು ಅವಳ ಕಷ್ಟ ಮಾತ್ರವಲ್ಲ, ನಮ್ಮೆಲ್ಲರದು, ಆದ್ದರಿಂದ ಎಲ್ಲರೂ ಹದಿನೈದು ಸೆಂಟ್ ಹಾಕಿ ಅವಳ ಹಣ ತುಂಬಿಕೊಡೋಣ. ಹಾಗೇ ನಿರ್ಣಯವಾಯಿತು. ಮುಂದೆ ಅಲ್ಲಿ ಕಳವು ನಿಂತುಹೋಯಿತೆಂದು ಆ ಶಾಲೆಯ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಗೆಳೆತನದ ಮೂರನೇ ಮೆಟ್ಟಿಲನ್ನು ಅಲ್ಲಿ ಯಾರೂ ಒಡೆಯಲಿಲ್ಲ. ಇಬ್ಬರ ನಡುವೆ ಇದ್ದ ನಿಷ್ಠೆ ಅರವತ್ತು ಜನರಿಗೆ ಹರಡುವಂತೆ ಅದನ್ನೇ ಅಗಲ ಮಾಡಿದರು. ಭಾಷಣದಿಂದ ಇದು ಆಗಲಿಲ್ಲ. ಮಕ್ಕಳು ಜಗಳವಾಡಿ, ವಾದ ಮಾಡಿ, ತಾವೇ ತೀರ್ಮಾನಿಸಿದ್ದರಿಂದ ಆಯಿತು.

ನಮ್ಮಲ್ಲಿ ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಾಗಿಲ್ಲ. ಕಿರುಪರೀಕ್ಷೆಗೆ ಒಂದು ವಾರ ಮೊದಲು ಒಂದು ಪೀರಿಯಡ್ ಸಾಕು. ಮೇಷ್ಟ್ರು ಉತ್ತರ ಹೇಳದೆ, ಪ್ರಶ್ನೆಯನ್ನು ಮಾತ್ರ ಹಿಡಿದುಕೊಂಡು ನಿಲ್ಲಬೇಕು. ಅಷ್ಟು ಹೊತ್ತು ಸುಮ್ಮನಿರುವುದು ಕಷ್ಟ ಎಂದು ಅಂದು ನನಗೇ ತಿಳಿಯಿತು.

ಆ ತರಗತಿಯಲ್ಲಿ ‘ಜಿಪುಣ’ ಎಂದ ಹುಡುಗನನ್ನೇ ಕೇಳಿದೆ. ‘ಸರಿ, ನೀನು ತೋರಿಸಿದೆ. ಅವನು ಬರೆದ. ನಾಳೆ ಅದೇ ಲೆಕ್ಕ ಬಂದರೆ?’ ಅವನು ಸ್ವಲ್ಪ ಯೋಚಿಸಿ, ‘ನಾಳೇನೂ ತೋರಿಸ್ತೀನಿ’ ಎಂದ. ಎಲ್ಲರೂ ನಕ್ಕರು, ಅವನೂ ನಕ್ಕ. ‘ಪಬ್ಲಿಕ್ ಪರೀಕ್ಷೇಲಿ ನಂಬರ್ ಬೇರೆ ರೂಮಿಗೆ ಬಿದ್ರೆ?’ ಎಂದು ಇನ್ನೊಬ್ಬ ಹಿಂದಿನಿಂದ ಕೇಳಿದ. ನಗು ನಿಂತಿತು. ಆಗ ಕಿಟಕಿ ಪಕ್ಕದ ಆ ಹುಡುಗಿ ತಲೆ ಎತ್ತಿದಳು. ‘ಸಾರ್, ಪರೀಕ್ಷೆಗೆ ಮೊದ್ಲೇ ಹೇಳ್ಕೊಟ್ರೆ ಅದು ಕಾಪಿ ಅಲ್ವಲ್ಲ?’

ಗಂಟೆ ಹೊಡೆಯುವವರೆಗೆ ಅವರು ಅದನ್ನೇ ಮಾತಾಡಿದರು. ಯಾರಿಗೆ ಯಾವ ವಿಷಯ ಬರುತ್ತದೆ, ಯಾರು ಯಾರ ಪಕ್ಕ ಕೂರಬೇಕು, ಬಸ್ಸಿಗೆ ಹೋಗುವವರು ಏನು ಮಾಡಬೇಕು. ಮೊನ್ನೆ ಕನ್ನಡ ಮೇಷ್ಟ್ರಿಗೆ ಫೋನು ಮಾಡಿ ಕೇಳಿದೆ. ಬುಧವಾರ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಜಗಲಿಯ ಮೇಲೆ ಕೂರುತ್ತಿದ್ದಾರಂತೆ. ಮೊದಲ ವಾರ ಇಪ್ಪತ್ತೆರಡು ಮಕ್ಕಳಿದ್ದರು, ಈಗ ಹದಿಮೂರು. ‘ಜಿಪುಣ’ ಎಂದವನು ಇನ್ನೂ ಬರುತ್ತಿದ್ದಾನೆ, ಇಬ್ಬರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾ‌ನೆ ಎಂದರು. ಹೇಳಿಕೊಡಲು ಹೋಗಿ ತನಗೇ ಬರುವುದಿಲ್ಲ ಎಂದು ಗೊತ್ತಾದ ದಿನ ಅವನು ಸ್ಟಾಫ್ ರೂಮಿಗೆ ಬಂದು ಗಣಿತದ ಮೇಡಂ ಎಲ್ಲಿ ಎಂದು ಕೇಳಿದನಂತೆ. ಆ ಹುದ್ದೆ ಇನ್ನೂ ಖಾಲಿ ಇದೆ.